ನಗರ ದಂಗೆಯ ನೆನಪು: ಕಡೂರು, ತರೀಕೆರೆ, ಅಜ್ಜಂಪುರ

ನಗರ ದಂಗೆ: ಮೈಸೂರು ಸಂಸ್ಥಾನದ ವಾಯವ್ಯ ಭಾಗದಲ್ಲಿ 1830-31ರಲ್ಲಿ ನಡೆದ ಬಂಡಾಯ. ಕಂದಾಯದ ಭಾರಕ್ಕೆ ಬೇಸತ್ತ ರೈತರು, ಅಧಿಕಾರ ಕಳೆದುಕೊಂಡಿದ್ದ ಪಾಳೆಯಗಾರರು, ಕೆಳದಿ ಗಾದಿ ತನ್ನದೆಂದು ಹೇಳಿಕೊಂಡ ಒಬ್ಬ ಹಕ್ಕುದಾರ ಇದರಲ್ಲಿ ಒಟ್ಟಾದರು. ತರೀಕೆರೆ ಸೀಮೆಯಲ್ಲಿ ಇದರ ಕಿಡಿ ಪೂರ್ತಿ ಆರಿದ್ದು 1834ರಲ್ಲಿ. ಹೆಸರಿನಲ್ಲಿರುವ ‘ನಗರ’ಕ್ಕೆ ಪೇಟೆ, ಪಟ್ಟಣ ಎಂಬ ಅರ್ಥವಿಲ್ಲ. ಅದು ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಜನರ ಬಾಯಲ್ಲಿ ಹೈದರ್ ಉದುರಿ ನಗರ ಉಳಿಯಿತು. ಈಗ ಅದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರು.

ಕನ್ನಡನಾಡಿನ 19ನೆಯ ಶತಮಾನದಲ್ಲಿ ಅಂತರ್ಯುದ್ಧ ಎಂಬ ಮಾತಿಗೆ ತೀರ ಹತ್ತಿರ ನಿಲ್ಲುವ ಘಟನೆ ಇದು. ಎದ್ದವರೂ ಮೈಸೂರಿನ ಪ್ರಜೆಗಳು, ಅವರನ್ನು ಹತ್ತಿಕ್ಕಲು ಮೊದಲು ಬಂದದ್ದೂ ಮೈಸೂರಿನ ಕುದುರೆ, ಕಾಲಾಳು. ಈಸ್ಟ್ ಇಂಡಿಯಾ ಕಂಪನಿಯ ಪಲ್ಟನ್ನು ಆಮೇಲೆ ಬಂತು. ಈ ಕಾರಣಕ್ಕೇ ಇದರ ನೆನಪು ತೊಡಕಿನದು. ಪರಕೀಯರ ಮೇಲೆ ನಡೆದ ಯುದ್ಧವನ್ನು ನೆನೆಯುವುದು ಸುಲಭ. ನಮ್ಮವರು ನಮ್ಮವರ ಮೇಲೆ ಕೈ ಮಾಡಿದ್ದನ್ನು ಯಾವ ಊರೂ ನೇರವಾಗಿ ಹೇಳಿಕೊಳ್ಳುವುದಿಲ್ಲ. ಒಬ್ಬ ವೀರನನ್ನು ಆರಿಸಿಕೊಂಡು ಮಿಕ್ಕದ್ದನ್ನು ಬಿಡುತ್ತದೆ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಆದದ್ದೂ ಅದೇ. ಪಾಳೆಯಗಾರ ನೆನಪಿನಲ್ಲಿ ಉಳಿದ, ರೈತರ ಕೂಟ ಮರೆತುಹೋಯಿತು.

ಹಿನ್ನೆಲೆ

1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿನ ಗಾದಿ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂತು. ಜೊತೆಗೇ ಒಂದು ಹೊರೆಯೂ ಬಂತು. ಕಂಪನಿಯೊಡನೆ ಆದ ಒಪ್ಪಂದದಂತೆ ಸಂಸ್ಥಾನ ವರ್ಷಕ್ಕೆ 7 ಲಕ್ಷ ವರಹ ಪೊಗದಿ ಕಟ್ಟಬೇಕಿತ್ತು. ಆಡಳಿತ ಕೆಟ್ಟು ಹಣ ನಿಲ್ಲುವ ಭಯ ಹುಟ್ಟಿದರೆ ಕಂಪನಿಯೇ ನಾಡನ್ನು ಕೈಗೆ ತೆಗೆದುಕೊಳ್ಳಬಹುದಿತ್ತು. ದಿವಾನ್ ಪೂರ್ಣಯ್ಯನ ಬಿಗಿ ಹಿಡಿತದಲ್ಲಿ ಬೊಕ್ಕಸ ತುಂಬಿತ್ತು. 1811ರ ಹೊತ್ತಿಗೆ ಅರಸರೇ ಅಧಿಕಾರ ವಹಿಸಿಕೊಂಡ ಮೇಲೆ ಖರ್ಚು ಏರಿತು. ಬೆಳೆಯ ಧಾರಣೆ ಬಿದ್ದಾಗಲೂ ಕಂದಾಯ ಇಳಿಯಲಿಲ್ಲ.

ಇಲ್ಲಿ ‘ಶರತ್ತು’ ಎಂಬ ಪದ್ಧತಿಯನ್ನು ತಿಳಿಯದೆ ದಂಗೆ ಅರ್ಥವಾಗುವುದಿಲ್ಲ. ತಾಲ್ಲೂಕಿನ ಅಮಲ್ದಾರ ಇಂತಿಷ್ಟು ಹಣ ಎತ್ತಿ ಕಟ್ಟುತ್ತೇನೆಂದು ಸರ್ಕಾರಕ್ಕೆ ಬರೆದುಕೊಡುತ್ತಿದ್ದ. ಕಡಿಮೆ ಬಿದ್ದರೆ ತನ್ನ ಕೈಯಿಂದ ತುಂಬಬೇಕು, ಹೆಚ್ಚು ಬಂದರೆ ಅದನ್ನೂ ಒಪ್ಪಿಸಬೇಕು. ಬರೆದುಕೊಟ್ಟ ಮೊತ್ತ ಹಿಂದಿನ ವರ್ಷದ್ದಕ್ಕಿಂತ ಮೇಲೇ ಇರುತ್ತಿತ್ತು. ಕಾಗದದ ಮೇಲೆ ಇದು ಅಮಲ್ದಾರನ ಮೇಲಿನ ಕಟ್ಟುಪಾಡು. ನೆಲದ ಮೇಲೆ ಅವನು ಅದನ್ನು ಶೇಕದಾರನ ಮೇಲೆ ಹಾಕಿದ, ಶೇಕದಾರ ಪಟೇಲನ ಮೇಲೆ, ಪಟೇಲ ರೈತನ ಮೇಲೆ. ರೈತನಿಗೆ ಕೆಳಗೆ ಹಾಕಲು ಯಾರೂ ಇರಲಿಲ್ಲ.

ನಗರ ಫೌಜುದಾರಿಯಲ್ಲಿ, ಅಂದರೆ ಫೌಜುದಾರನ ಆಡಳಿತಕ್ಕೆ ಸೇರಿದ ಸೀಮೆಯಲ್ಲಿ, ಇದಕ್ಕೆ ಇನ್ನೊಂದು ಉರಿ ಸೇರಿತ್ತು. ಫೌಜುದಾರ ರಾಮರಾಯನ ಕಾಲದಿಂದ ಅವನ ಬಂಧುಬಳಗದವರು ಅಲ್ಲಿನ ಕಚೇರಿಗಳನ್ನು ಹಿಡಿದಿದ್ದರು. ಅವನ ನಂತರ ಬಂದ ವೀರರಾಜ ಅರಸು ಹಳೆಯ ಲೆಕ್ಕ ಕೆದಕಿ, ಹಿಂದೆ ಕೊಟ್ಟ ಮಾಫಿಗಳಲ್ಲಿ ಮೋಸವಿದೆಯೆಂದು ಅವುಗಳನ್ನು ರದ್ದು ಮಾಡಿ ಬಾಕಿ ಕೇಳಿದ. ಲೆಕ್ಕದ ದೃಷ್ಟಿಯಿಂದ ಅವನದು ತಪ್ಪೆನ್ನಲು ಬರುವುದಿಲ್ಲ. ಆದರೆ ಮಾಫಿ ಆಯಿತೆಂದು ನಂಬಿ ಕೂತಿದ್ದ ರೈತನ ಮನೆ ಬಾಗಿಲಿಗೆ ಅದೇ ಕಂದಾಯ ಮತ್ತೆ ಬಂದು ನಿಂತಾಗ, ಮೋಸ ಮಾಡಿದವರು ಯಾರೆಂದು ಅವನು ಲೆಕ್ಕ ಹಾಕುತ್ತ ಕೂರಲಿಲ್ಲ.

1830ರ ಆಗಸ್ಟಿನಲ್ಲಿ ಬಸವಾಪಟ್ಟಣದ ರೈತರು ಕೂಟ ಕಟ್ಟಿದರು. ಕಂದಾಯ ಕಟ್ಟುವುದನ್ನು ನಿಲ್ಲಿಸಿ, ಬೇರೆ ಸೀಮೆಗಳಿಗೆ ಓಲೆ ಕಳಿಸಿದರು. ಹೊಳೆಹೊನ್ನೂರಿನ ಕಡೆಯವರೂ ಸೇರಿದರು. ಕೂಟ ಎಂದರೆ ಆಗ ಇದೇ: ಊರು ಬಿಟ್ಟು ಬಯಲಿಗೆ ಬಂದು ಒಟ್ಟಾಗಿ ಕೂತು, ಅಹವಾಲು ಕೇಳುವ ತನಕ ಏಳದಿರುವುದು. ಅದೇ ಕಾಲಕ್ಕೆ ಘಟ್ಟದ ಕೆಳಗಿನ ಕನ್ನಡ ಜಿಲ್ಲೆಯಲ್ಲೂ ಕಂಪನಿಯ ಕಂದಾಯದ ವಿರುದ್ಧ ಇಂಥ ಕೂಟಗಳು ಎದ್ದಿದ್ದವು. ಈಗ ಈ ಪದ ಔತಣಕೂಟ, ಸಂತೋಷಕೂಟಗಳಿಗೆ ಅಂಟಿಕೊಂಡು ಸಾಧುವಾಗಿಬಿಟ್ಟಿದೆ. 1830ರ ಡಿಸೆಂಬರಿನಲ್ಲಿ ಆನಂದಪುರದ ಹತ್ತಿರದ ಹೊಸಂತೆಯಲ್ಲಿ ಸೇರಿದ್ದ ರೈತರ ಮೇಲೆ ಸರ್ಕಾರದ ದಂಡು ಬಿದ್ದು ಕೊಂದಿತು. ಅಲ್ಲಿಂದ ಅಹವಾಲು ಯುದ್ಧವಾಯಿತು.

ಯುದ್ಧಕ್ಕೆ ಒಬ್ಬ ದೊರೆ ಬೇಕಲ್ಲ? ಸಿದ್ಧನಾಗಿದ್ದ. ಸಾದರ ಮಲ್ಲ ಎಂಬವನು ಜಂಗಮರ ವೇಷದಲ್ಲಿ ತಿರುಗಿ, ಬೂದಿ ಬಸವಪ್ಪನೆಂದು ಹೆಸರಾಗಿ, ತಾನು ಕೆಳದಿಯ ವಂಶದ ಕುಡಿ ಎಂದು ಮುದ್ರೆ ತೋರಿಸಿದ. ಕೆಳದಿ ಬಿದ್ದು ಆಗಲೇ 67 ವರ್ಷವಾಗಿತ್ತು. ಆ ರಾಜ್ಯವನ್ನು ಕಣ್ಣಾರೆ ಕಂಡವರು ಬಹುಪಾಲು ಮಣ್ಣಾಗಿದ್ದರು. ಆದರೂ ಮಲೆನಾಡಿನ ರೈತ ಅವನನ್ನು ‘ನಗರದ ದೊರೆ’ ಎಂದು ಒಪ್ಪಿದ. ಕೆಳದಿಯ ಅರಸ ಶಿಸ್ತಿನ ಶಿವಪ್ಪನಾಯಕನ ಕಂದಾಯದ ಕಟ್ಟಳೆ ನ್ಯಾಯವಾಗಿತ್ತೆಂಬ ಮಾತು ಮನೆಮನೆಯಲ್ಲಿ ಇತ್ತು. ಬೂದಿ ಬಸವಪ್ಪ ಆ ಮಾತಿನ ಮೇಲೆ ಹತ್ತಿ ಕೂತ. ನೆನಪು ಯುದ್ಧದ ಆಮೇಲೆ ಬರುತ್ತದೆ ಎಂಬುದು ರೂಢಿಯ ಎಣಿಕೆ. ಇಲ್ಲಿ ಅದು ಯುದ್ಧಕ್ಕಿಂತ ಮೊದಲೇ ಬಂದು ಕೂತಿತ್ತು.

ತರೀಕೆರೆಯ ನಾಯಕರು

ತರೀಕೆರೆಯ ಪಾಳೆಯಗಾರರ ಮೂಲ ನೆಲೆ ಅದೇ ಬಸವಾಪಟ್ಟಣ. ಈಗ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿರುವ ಸಂತೇಬೆನ್ನೂರು ಅವರ ಇನ್ನೊಂದು ಊರು. ಅಲ್ಲಿನ ಹೊಂಡವನ್ನು, ನಡುನೀರಿನ ಮಂಟಪದೊಡನೆ, 16ನೆಯ ಶತಮಾನದಲ್ಲಿ ಕಟ್ಟಿಸಿದವನು ಈ ವಂಶದ ಕೆಂಗ ಹನುಮಪ್ಪನಾಯಕ. ಹೊಂಡದ ಪಕ್ಕದ ಮುಸಾಫಿರ್‌ಖಾನೆ ಬಿಜಾಪುರದ ರಣದುಲ್ಲಾಖಾನನ ಕಾಲದ್ದು. ಬಿಜಾಪುರದವರ ಒತ್ತಡದಲ್ಲಿ ಹಳೆಯ ನೆಲೆ ಬಿಟ್ಟು ವಂಶ ತರೀಕೆರೆಗೆ ಬಂತು, ಹೈದರನ ಕಾಲದಲ್ಲಿ ಮೈಸೂರಿಗೆ ತಲೆಬಾಗಿತು. ‘ಸರ್ಜಾ’ ಎಂಬುದು ವಂಶದವರ ಬಿರುದು; ಕಿತ್ತೂರಿನ ಮಲ್ಲಸರ್ಜನ ಹೆಸರಿನಲ್ಲಿ ಇರುವುದೂ ಅದೇ.

ದಂಗೆಯ ಹೊತ್ತಿಗೆ ಈ ಮನೆತನದ ರಂಗಪ್ಪನಾಯಕ ಮೈಸೂರಿನಲ್ಲಿ ಅರಮನೆಯ ಜೀವನಾಂಶದ ಮೇಲೆ ಇದ್ದ. 1830ರಲ್ಲಿ ಅವನು ಸದ್ದಿಲ್ಲದೆ ಊರು ಬಿಟ್ಟು ತರೀಕೆರೆ ಸೀಮೆಗೆ ಬಂದು ಕಲ್‌ದುರ್ಗ, ಕಾಮನದುರ್ಗ ಎಂಬ ಬೆಟ್ಟದ ಕೋಟೆಗಳನ್ನು ಹಿಡಿದ. ಇದರಿಂದ ದಂಗೆಯ ಬಣ್ಣ ಬದಲಾಯಿತು. ಅಹವಾಲು ಹಿಡಿದು ಬಯಲಲ್ಲಿ ಕೂತಿದ್ದವರ ಜೊತೆಗೆ ಈಗ ಕೋಟೆ, ಕೋವಿ, ಬಿರುದು ಇದ್ದವನು ಸೇರಿದ್ದ. ರೈತನಿಗೆ ಬೇಕಾದದ್ದು ಕಂದಾಯದಲ್ಲಿ ಇಳಿತ, ನಾಯಕನಿಗೆ ಬೇಕಾದದ್ದು ತರೀಕೆರೆ. ಎರಡೂ ಒಂದೇ ಅಲ್ಲವೆಂಬುದು ಇಬ್ಬರಿಗೂ ಗೊತ್ತಿದ್ದಿರಬೇಕು.

ಡಿಸೆಂಬರಿನಲ್ಲಿ ಅರಸರೇ ಸೈನ್ಯದೊಡನೆ ಮೈಸೂರು ಬಿಟ್ಟು ಚನ್ನರಾಯಪಟ್ಟಣದವರೆಗೆ ಬಂದರು. ದಾರಿಯಲ್ಲಿ ಸಿಕ್ಕ ಬಂಡುಕೋರರಲ್ಲಿ ಕೆಲವರು ಗಲ್ಲಿಗೇರಿದರು, ಕೆಲವರಿಗೆ ಅಂಗಚ್ಛೇದವಾಯಿತು. ಹೊನ್ನಾಳಿ ಕೈವಶವಾದಾಗ ಸೆರೆಸಿಕ್ಕವರಲ್ಲಿ ನೂರರ ಸಮೀಪ ಜನರನ್ನು ಹೊನ್ನಾಳಿ-ಶಿವಮೊಗ್ಗ ದಾರಿಯ ಉದ್ದಕ್ಕೆ ನೇತುಹಾಕಿದ ಸಂಗತಿ ಬ್ರಿಟಿಷ್ ಕಾಲದ ಗೆಜೆಟಿಯರಿನಲ್ಲಿದೆ. ಇಂದು ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ತೋಟ, ನಾಲೆ, ಗದ್ದೆ ಕಾಣುತ್ತವೆ. ಮೈಸೂರಿನ ಸೈನ್ಯವೊಂದರಿಂದಲೇ ಆಗದೆ ಕಂಪನಿಯ ದಂಡು ಬಂದು 1831ರ ಜೂನಿನಲ್ಲಿ ನಗರವನ್ನು ಹಿಡಿಯಿತು. ಕೆಳದಿಯ ಗಾದಿಯ ಕನಸು ಅಲ್ಲಿಗೆ ಮುಗಿಯಿತು.

ತರೀಕೆರೆಯದು ಮುಗಿಯಲಿಲ್ಲ. ಬಾಬಾಬುಡನ್‌ಗಿರಿಯ ಮಗ್ಗುಲಿನ ಕಾಡು, ಕಣಿವೆಗಳಲ್ಲಿ ಬಂಡುಕೋರರನ್ನು ಹುಡುಕಿ ಹಿಡಿಯಲು ಇನ್ನೂ ಮೂರು ವರ್ಷ ಬೇಕಾಯಿತು. ವಂಶದ ಸರ್ಜಾ ಹನುಮಪ್ಪನಾಯಕ ಸೆರೆಸಿಕ್ಕು 1834ರಲ್ಲಿ ಗಲ್ಲಿಗೇರಿದ.

ದಂಗೆಯಲ್ಲಿ ಗೆದ್ದವರಾರು ಎಂದು ಕೇಳಿದರೆ ಉತ್ತರ ವಿಚಿತ್ರವಾಗಿದೆ. ರೈತರು ಸೋತರು, ಪಾಳೆಯಗಾರರು ಸೋತರು, ಅರಸರೂ ಸೋತರು. ಗವರ್ನರ್ ಜನರಲ್ ಬೆಂಟಿಂಕ್ 1831ರ ಸೆಪ್ಟೆಂಬರಿನಲ್ಲಿ ಪತ್ರ ಬರೆದು, ಅಕ್ಟೋಬರಿನಲ್ಲಿ ಸಂಸ್ಥಾನದ ಆಡಳಿತವನ್ನು ಕಂಪನಿಗೆ ತೆಗೆದುಕೊಂಡ. ಕಚೇರಿ ಬೆಂಗಳೂರಿಗೆ ಹೋಯಿತು. ದಂಗೆಯ ಕಾರಣ ಕಂಡುಹಿಡಿಯಲು ಹಾಕರ್, ಮಾರಿಸನ್, ಮೆಕ್ಲಿಯಾಡ್, ಕಬ್ಬನ್ ಎಂಬ ನಾಲ್ವರ ಸಮಿತಿ ಕೂತು 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಅರಸರ ಮೇಲೆ ಹೊರಿಸಿದ್ದ ದುರಾಡಳಿತದ ಚಿತ್ರ ಅತಿಯಾಗಿತ್ತೆಂಬ ಸೂಚನೆ ಅದರಲ್ಲೇ ಇತ್ತು, ಆದರೆ ರಾಜ್ಯ ಹಿಂತಿರುಗಲಿಲ್ಲ. ಸಮಿತಿಯ ಸದಸ್ಯ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿ ಆಳಿದ. ಒಡೆಯರ ಮನೆತನಕ್ಕೆ ಆಡಳಿತ ಮರಳಿದ್ದು 1881ರಲ್ಲಿ. ಅರಸರು ಅದಕ್ಕೆ 13 ವರ್ಷ ಮೊದಲೇ ತೀರಿಕೊಂಡಿದ್ದರು.

ನೆನಪು ಹಿಡಿದ ದಾರಿ

ಈ ಲೇಖನದಲ್ಲೇ ಒಂದನ್ನು ಗಮನಿಸಬಹುದು. ಒಡೆಯರಿಗೆ ಬಹುವಚನ ಬಂದಿದೆ, ನಾಯಕನಿಗೂ ಬೂದಿ ಬಸವಪ್ಪನಿಗೂ ಏಕವಚನ. ಯಾರೂ ಹೇಳಿಕೊಟ್ಟದ್ದಲ್ಲ, ಕೈಗೆ ಹಾಗೇ ಬರುತ್ತದೆ. ಯುದ್ಧದಲ್ಲಿ ಯಾರ ಕಡೆ ನಿಂತು ನೋಡುತ್ತೇವೆ ಎಂಬುದು ಕನ್ನಡದ ಕ್ರಿಯಾಪದದ ತುದಿಯಲ್ಲೇ ಕೂತಿದೆ. ಹೆಸರಿನಲ್ಲೂ ಅಷ್ಟೆ: ಗೆಜೆಟಿಯರಿನ ದಾರಿಯಲ್ಲಿ ಬಂದವರು ‘ದಂಗೆ’ ಎಂದರು, ಆಮೇಲಿನವರು ‘ಬಂಡಾಯ’ ಎಂದರು, ಸ್ವಾತಂತ್ರ್ಯ ಹೋರಾಟದ ಸಾಲಿಗೆ ಸೇರಿಸಬಯಸಿದವರು ‘ಸಂಗ್ರಾಮ’ ಎಂದರು. ಕಂಪನಿ ಮಧ್ಯೆ ಬರುವ ತನಕ ಈ ಸಂಗ್ರಾಮ ನಡೆದದ್ದು ಮೈಸೂರಿನ ಅರಸೊತ್ತಿಗೆಯ ಮೇಲೆ ಎಂಬುದನ್ನು ಮೂರನೆಯ ಹೆಸರು ಮುಚ್ಚಿಕೊಳ್ಳುತ್ತದೆ.

ಅರಸರ ಕಡೆಗೆ ಇನ್ನೊಂದು ಬಲವಿತ್ತು. ಅಧಿಕಾರ ಕಳೆದುಕೊಂಡ ಮೇಲೆ ಮುಮ್ಮಡಿಯವರು ಅರಮನೆಯನ್ನು ಸಾಹಿತ್ಯ, ಸಂಗೀತ, ಚಿತ್ರಕಲೆಗಳ ಆಶ್ರಯವಾಗಿ ಮಾಡಿದರು. ‘ಶ್ರೀತತ್ತ್ವನಿಧಿ’ ಅವರ ಹೆಸರಿನಲ್ಲಿದೆ. ಕನ್ನಡದ ವಿದ್ವತ್‌ಲೋಕ ಅವರನ್ನು ಕಲಾಪೋಷಕರೆಂದೇ ಕಂಡಿತು. ಹೊಸಂತೆಯ ಬಯಲು ಆ ಚಿತ್ರದೊಳಗೆ ಹೊಂದುವುದಿಲ್ಲ.

ದಂಗೆಯ ಬರಹದ ನೆನಪು ಬಹುತೇಕ ಗೆದ್ದ ಕಂಪನಿಯ ಕಡತದಿಂದ ಬಂದದ್ದು. ಸಮಿತಿಯ ವರದಿಯಿಂದ ಬಿ.ಎಲ್. ರೈಸ್ ಅವರ ಗೆಜೆಟಿಯರಿಗೆ, ಅಲ್ಲಿಂದ 20ನೆಯ ಶತಮಾನದಲ್ಲಿ ಹಯವದನರಾಯರ ಗೆಜೆಟಿಯರಿಗೆ, ಎಂ. ಶಾಮರಾಯರ ‘ಮಾಡರ್ನ್ ಮೈಸೂರ್’ಗೆ, ಅಲ್ಲಿಂದ ಶಾಲೆಯ ಪಠ್ಯದ ಒಂದು ಸಾಲಿಗೆ ಅದು ಇಳಿಯಿತು. ಪ್ರತಿ ಇಳಿತದಲ್ಲೂ ರೈತ ಚಿಕ್ಕವನಾದ. 1985ರಲ್ಲಿ ಇತಿಹಾಸಕಾರ ಬರ್ಟನ್ ಸ್ಟೈನ್ ಈ ಘಟನೆಯನ್ನು ಹೊಸದಾಗಿ ಓದಿ, ‘ರೈತ ದಂಗೆ’ ಎಂಬ ಒಂದೇ ಹಣೆಪಟ್ಟಿಯನ್ನು ಪ್ರಶ್ನಿಸಿದ. ಆ ಚರ್ಚೆ ವಿಶ್ವವಿದ್ಯಾಲಯಗಳಲ್ಲಿ ಉಳಿಯಿತು, ತರೀಕೆರೆಯ ಸಂತೆಗೆ ಬರಲಿಲ್ಲ.

ಸಂತೆಗೆ ಬಂದದ್ದು ಸರ್ಜಾ ಹನುಮಪ್ಪನಾಯಕ. ಗಲ್ಲಿಗೇರಿದ ಪಾಳೆಯಗಾರನ ಕಥೆಗೆ ಹಾಡಿಗೆ ಬೇಕಾದ ಎಲ್ಲವೂ ಇದೆ: ಕೋಟೆ, ಕುದುರೆ, ಕಾಡಿನ ಅಡಗುತಾಣ, ಹಿಡಿದುಕೊಟ್ಟವನು, ನೇಣು. ಕೋಲಾಟದ ತಂಡದವರಿಗೂ ಲಾವಣಿಕಾರರಿಗೂ ಇಂಥವನು ಬೇಕು. ಕಂದಾಯದ ಮಾಫಿ ರದ್ದಾದದ್ದನ್ನು ಕೋಲಿನ ಏಟಿಗೆ ಹೊಂದಿಸಿ ಹಾಡುವುದು ಹೇಗೆ? ಕೂಟಕ್ಕೆ ಮುಖವಿಲ್ಲ, ಸಾವಿರ ಮುಖಗಳಿವೆ. ಜನಪದ ಸಾಮಾನ್ಯವಾಗಿ ಒಂದೇ ಮುಖವನ್ನು ಹಾಡುತ್ತದೆ.

ಇಲ್ಲಿ ಕಿತ್ತೂರು ಸೀಮೆಯೊಡನೆ ಹೋಲಿಸುವುದು ಉಪಯುಕ್ತ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು 1831ರ ಜನವರಿ 26ರಂದು, ಅಂದರೆ ನಗರ ಸೀಮೆ ಹೊತ್ತಿ ಉರಿಯುತ್ತಿದ್ದ ತಿಂಗಳುಗಳಲ್ಲೇ. ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ಮುಂತಾದುವನ್ನು ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಅವನು ಮುಂಬಯಿ ಪ್ರಾಂತದ ಅಧಿಕಾರಿ, ಕೆಲಸ ಮಾಡಿದ್ದು ಬೆಳಗಾವಿ-ಧಾರವಾಡದ ಕಡೆ. ಮೈಸೂರಿನ ರೈಸ್ ಶಾಸನಗಳ ಬೆನ್ನು ಹತ್ತಿದರು. ಒಬ್ಬ ಅಧಿಕಾರಿಯ ಹವ್ಯಾಸ ಯಾವುದು ಎಂಬುದರ ಮೇಲೆ ಒಂದು ಸೀಮೆಯ ಹಾಡು ಉಳಿಯುವುದು ನಿಂತಿತ್ತು. 1837ರ ಅಮರಸುಳ್ಯದ ಬಂಡಾಯ, ಜನರ ಮಾತಿನಲ್ಲಿ ಕಲ್ಯಾಣಪ್ಪನ ಕಾಟಕಾಯಿ, ಬಹುಕಾಲ ಇದೇ ಸ್ಥಿತಿಯಲ್ಲಿತ್ತು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ನಿಂತ ಮೇಲೆ ಅದಕ್ಕೂ ಒಂದು ಮುಖ ಸಿಕ್ಕಿತು.

ತರೀಕೆರೆ ಎಂದರೆ ಹೊರಗಿನ ಕನ್ನಡಿಗರಿಗೆ ಮೊದಲು ನೆನಪಾಗುವುದು ನಾಯಕನೂ ಅಲ್ಲ, ದುರ್ಗವೂ ಅಲ್ಲ. ಕೆರೆ ಏರಿಯ ಮೇಲೆ ಮೇಯುವ ಕುರಿಮರಿಗಳ ಕುರಿತ, ನಾಲಿಗೆ ಹೊರಳದ ಆಟದ ಮಾತು. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಒಂದು ಊರಿನ ಹೆಸರು ಮಕ್ಕಳ ಬಾಯಲ್ಲಿ ಇರುವುದು ಒಳ್ಳೆಯದೇ.

ಕಲ್ಲು, ಕುಣಿತ, ದನ

ಕಡೂರು ಬಯಲಿನಲ್ಲಿ ಯುದ್ಧದ ಹಳೆಯ ನೆನಪು ಕಲ್ಲಿನಲ್ಲಿದೆ. ಹೊಲದ ಬದುವಿನಲ್ಲೋ ಗುಡಿಯ ಹಿಂದೆಯೋ ಅರ್ಧ ಹೂತ ವೀರಗಲ್ಲಿನ ಮುಂದೆ ಕೂತು ನೋಡಿದರೆ ಕ್ರಮ ತಿಳಿಯುತ್ತದೆ. ಕೆಳಗಿನ ಪಟ್ಟಿಯಲ್ಲಿ ಹೋರಾಟ: ಬಿಲ್ಲು ಎಳೆದವನು, ಕುದುರೆ, ಎಷ್ಟೋ ಸಲ ಅಟ್ಟಿಕೊಂಡು ಹೋಗುವ ದನ. ನಡುವೆ ಸತ್ತವನನ್ನು ಎರಡು ಕಡೆಯಿಂದ ಹಿಡಿದು ಮೇಲೆ ಒಯ್ಯುವ ಅಪ್ಸರೆಯರು. ಮೇಲೆ ಲಿಂಗ, ಪೂಜಿಸುವವನು, ಪಕ್ಕದಲ್ಲಿ ಕೈಮುಗಿದು ಕೂತ ಅದೇ ವೀರ. ಬರಹವಿದ್ದರೆ ಊರು, ಅರಸ, ಸತ್ತವನ ಹೆಸರು ಇರುತ್ತವೆ. ತುರು ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಒಂದು ಕಲ್ಲು ಸಿಗುತ್ತಿತ್ತು. ಈ ಸೀಮೆಯ ಶಾಸನಗಳನ್ನು ರೈಸ್ 1901ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 6ನೆಯ ಸಂಪುಟವಾಗಿ ಪ್ರಕಟಿಸಿದರು; ಸಂಪುಟಕ್ಕೆ ಕಡೂರು ಜಿಲ್ಲೆಯ ಹೆಸರೇ ಇದೆ. 1830ರ ಹೊತ್ತಿಗೆ ಕಲ್ಲು ನಿಲ್ಲಿಸುವ ರೂಢಿ ಕ್ಷೀಣಿಸಿತ್ತು. ದಂಗೆಯಲ್ಲಿ ಸತ್ತವರು ಕಡತದ ಅಂಕಿಯಾದರು.

ಕುಣಿತದಲ್ಲಿರುವ ಯುದ್ಧ ಬೇರೆ. ಕಡೂರು ಸೀಮೆ ವೀರಗಾಸೆಗೆ ಹೆಸರಾದದ್ದು. ಕೈಯಲ್ಲಿ ಕತ್ತಿ, ಎದೆಗೆ ವೀರಭದ್ರನ ಹಲಗೆ, ಕರಡೆ-ಚಮಾಳದ ಬಡಿತ, ನಡುನಡುವೆ ಒಡಪು ಹೇಳುವವನ ಗರ್ಜನೆ. ಹೇಳುವ ಕಥೆ ದಕ್ಷಬ್ರಹ್ಮನ ಯಜ್ಞದ ನಾಶ. ಬಿಡಿಸಿ ನೋಡಿದರೆ ಅದು ಮಾವ ಅಳಿಯನ ಜಗಳ, ಮನೆಯೊಳಗಿನ ಯುದ್ಧ. ಕೊನೆಗೆ ಮಾವನಿಗೆ ಕುರಿಯ ತಲೆ ಇಟ್ಟು ಬದುಕಿಸಿ ರಾಜಿಯಾಗುತ್ತದೆ. ತರೀಕೆರೆ ಕಡೆಯ ಕಲ್ಲತ್ತಿಗಿರಿಯಲ್ಲಿ, ನೀರು ಧುಮುಕುವ ಬಂಡೆಯ ಬುಡದಲ್ಲೇ, ವೀರಭದ್ರನ ಗುಡಿಯಿದೆ. ನಗರ ದಂಗೆಗೂ ವೀರಗಾಸೆಗೂ ಸಂಬಂಧ ಕಲ್ಪಿಸುವುದು ಸಲ್ಲದು. ಒಳಜಗಳವನ್ನು ಕುಣಿದು ತೋರಿಸುವ ಭಾಷೆ ಈ ಸೀಮೆಗೆ ಮೊದಲೇ ಇತ್ತು ಎಂದಷ್ಟೇ ಹೇಳಬಹುದು.

ಅಜ್ಜಂಪುರದಲ್ಲಿ ಯುದ್ಧದ ನೆನಪು ಮೇಯುತ್ತದೆ, ಮೆಲುಕು ಹಾಕುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ಅರಮನೆಯ ದನಗಳ ಇಲಾಖೆಯನ್ನು ಟಿಪ್ಪು ‘ಅಮೃತ್ ಮಹಲ್’ ಎಂದು ಕರೆದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ತಳಿಗಳಿಂದ ಬೆಳೆದ ಈ ಎತ್ತುಗಳು ತೋಪು, ಮದ್ದುಗುಂಡು ಎಳೆಯಲು ಸಾಕಿದವು. ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿ ಮೇಲೆದ್ದು ಚೂಪಾದ ಕೊಂಬು, ಗುರುತಿಲ್ಲದವರನ್ನು ಹತ್ತಿರ ಬಿಟ್ಟುಕೊಳ್ಳದ ಕಣ್ಣು. ಟಿಪ್ಪು ಬಿದ್ದ ಮೇಲೆ ಹಿಂಡುಗಳು ಮೈಸೂರಿಗೆ, 1813ರಲ್ಲಿ ಕಂಪನಿಯ ಸೈನ್ಯದ ಸುಪರ್ದಿಗೆ ಹೋದವು. ಖರ್ಚು ಹೆಚ್ಚೆಂದು 1860ರಲ್ಲಿ ಮಾರಿ ಚದುರಿಸಿದರು. ಎತ್ತು ಸಿಗದೆ ಪೇಚಾಡಿ 1866ರಲ್ಲಿ ಮತ್ತೆ ಕಟ್ಟಿದರು. ನಗರ ದಂಗೆಯ ಕಾಲಕ್ಕೆ, ಹಾಗಾದರೆ, ಮೈಸೂರಿನ ಹೆಸರಾಂತ ಯುದ್ಧದ ಎತ್ತುಗಳ ಹಗ್ಗ ಮೈಸೂರಿನ ಕೈಯಲ್ಲಿರಲಿಲ್ಲ. ಈಗ ಅಜ್ಜಂಪುರದಲ್ಲಿ ಸರ್ಕಾರದ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ, ಸುತ್ತ ಮೇವಿನ ಕಾವಲುಗಳಿವೆ. ಹರಾಜಿನಲ್ಲಿ ಹೋರಿಕರು ಕೊಳ್ಳಲು ಬರುವ ರೈತ ನೋಡುವುದು ಸುಳಿ, ಗೊರಸು, ನಡೆ. ಒತ್ತುವರಿ, ಗಿಡಗಂಟಿಗಳ ನಡುವೆ ಉಳಿದ ಹುಲ್ಲುಗಾವಲುಗಳಲ್ಲಿ ಬಾಸೂರು ಕಾವಲು ಕೃಷ್ಣಮೃಗಗಳ ನೆಲೆಯಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು.

ಆಡಳಿತದ ಹೆಸರುಗಳಲ್ಲಿ ದಂಗೆಯ ಕಾಲದ ಗುರುತು ಒಂದೊಂದಾಗಿ ಅಳಿಸಿದೆ. ಕಮಿಷನರ್ ಆಡಳಿತದಲ್ಲಿ 1863ರಲ್ಲಿ ಕಡೂರು ಜಿಲ್ಲೆ ಹುಟ್ಟಿ ನಗರ ವಿಭಾಗಕ್ಕೆ ಸೇರಿತು. ಎರಡೇ ವರ್ಷದಲ್ಲಿ ಕಚೇರಿ ಚಿಕ್ಕಮಗಳೂರಿಗೆ ಹೋಯಿತು, 1947ರಲ್ಲಿ ಹೆಸರೂ ಹೋಯಿತು. 1899ರಲ್ಲಿ ಬೀರೂರು-ಶಿವಮೊಗ್ಗ ರೈಲು ತರೀಕೆರೆಯ ಮೂಲಕ ಹಾದ ಮೇಲೆ, ದಂಡು ದಿನಗಟ್ಟಲೆ ನಡೆದ ದಾರಿ ಒಂದು ಹೊತ್ತಿನದಾಯಿತು. ತರೀಕೆರೆಯಿಂದ ಬೇರ್ಪಟ್ಟ ಅಜ್ಜಂಪುರ ಈಗ ಸ್ವತಂತ್ರ ತಾಲ್ಲೂಕು.

ಬಸವಾಪಟ್ಟಣದ ರೈತರ ಕೂಟಕ್ಕೆ 2030ರ ಆಗಸ್ಟಿನಲ್ಲಿ ಇನ್ನೂರು ವರ್ಷ ತುಂಬುತ್ತದೆ.